ಒಪ್ಪಿಸುವ ಪಾಠದಿಂದ ಆಂತರಿಕ ಅಂಕದವರೆಗೆ: ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ ಕಲಿಕೆಯ ಅಳತೆ

ಕಲಿಸುವ ಕ್ರಮಕ್ಕೆ ಇರುವಂತೆಯೇ ಕಲಿಕೆಯನ್ನು ಅಳೆಯುವ ಕ್ರಮಕ್ಕೂ ಒಂದು ಚರಿತ್ರೆಯಿದೆ. ನಮ್ಮಲ್ಲಿ ಶಿಕ್ಷಣದ ಚರಿತ್ರೆಯನ್ನು ಬರೆದವರು ಶಾಲೆಗಳ ಸಂಖ್ಯೆ, ಪಠ್ಯ, ಅನುದಾನ ಮೊದಲಾದವುಗಳಿಗೆ ಕೊಟ್ಟ ಗಮನವನ್ನು ಈ ಎರಡನೆಯದಕ್ಕೆ ಕೊಟ್ಟಿಲ್ಲ. ದಿನನಿತ್ಯದ ಅಭ್ಯಾಸಕ್ಕೆ ಎಷ್ಟು ಬೆಲೆ, ಮನೆಗೆಲಸಕ್ಕೆ ಎಷ್ಟು, ಕಿರುಪರೀಕ್ಷೆಗೆ ಎಷ್ಟು, ವರ್ಷದ ಕೊನೆಯ ಪರೀಕ್ಷೆಗೆ ಎಷ್ಟು ಎಂಬ ಪ್ರಶ್ನೆ ಇಲಾಖೆಯ ಸುತ್ತೋಲೆಗಳ ಒಳಗೇ ಉಳಿದುಬಂದಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ವಿಶೇಷ ಅರ್ಥವಿದೆ. ಪರೀಕ್ಷೆಯಿಲ್ಲದೆ ಕಲಿಕೆಯನ್ನು ಅಳೆಯುವ ‘ನಲಿ-ಕಲಿ’ ಪದ್ಧತಿ ಹುಟ್ಟಿದ್ದು ಈ ಭಾಗದಲ್ಲಿ. ವರ್ಷದ ಹಲವು ತಿಂಗಳು ಹೊಗೆಸೊಪ್ಪಿನ ಕೆಲಸಕ್ಕೂ ಕೊಡಗಿನ ಕಾಫಿ ತೋಟಗಳ ಕೂಲಿಗೂ ಕುಟುಂಬಗಳು ಸಲ್ಲಬೇಕಾದ ಪ್ರದೇಶವೂ ಇದೇ.

ಆಧುನಿಕ ಶಾಲೆಗಳಿಗಿಂತ ಹಿಂದೆ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಇದ್ದುದು ಐಗಳ ಮಠ ಅಥವಾ ಕೂಲಿಮಠ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಮಗ್ಗಿ ಹೇಳುವುದು, ಹಿಂದಿನ ದಿನದ ಪಾಠವನ್ನು ಬಾಯಿಪಾಠವಾಗಿ ‘ಒಪ್ಪಿಸುವುದು’ ಅಲ್ಲಿನ ಕ್ರಮ. ಈ ‘ಒಪ್ಪಿಸು’ ಎಂಬ ಕ್ರಿಯಾಪದ ಗಮನಾರ್ಹವಾದುದು. ಹರಕೆಯನ್ನು ಒಪ್ಪಿಸುತ್ತಾರೆ, ಲೆಕ್ಕವನ್ನು ಒಪ್ಪಿಸುತ್ತಾರೆ, ಹಾಗೆಯೇ ಪಾಠವನ್ನೂ. ಪಡೆದದ್ದನ್ನು ಕೊಟ್ಟವನ ಕೈಗೆ ಮರಳಿ ಸಲ್ಲಿಸುವ ಭಾವ ಅದರಲ್ಲಿದೆ. ಅಲ್ಲಿ ಮನೆಯಲ್ಲಿ ಮಾಡಿದ ಅಭ್ಯಾಸವೂ ಮರುದಿನದ ಪರೀಕ್ಷೆಯೂ ಎರಡಾಗಿರಲಿಲ್ಲ.

ಕೂಲಿಮಠದ ಒಳಾಡಳಿತವನ್ನು ಕುರಿತ ವಿವರವಾದ ಹಳೆಯ ದಾಖಲೆ ಈ ಸೀಮೆಯದಲ್ಲ, ಬಳ್ಳಾರಿಯದು. ಅಲ್ಲಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಕಳುಹಿಸಿದ ವರದಿಯಲ್ಲಿ ಜಿಲ್ಲೆಯ 533 ಶಾಲೆಗಳನ್ನೂ ಅವುಗಳಲ್ಲಿ ಕಲಿಯುತ್ತಿದ್ದ 6,641 ಮಕ್ಕಳನ್ನೂ ಲೆಕ್ಕಹಾಕಿದ್ದಾನೆ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಗೌರವದ ಗುರುತಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲುವಾದ ಒಂದು ಏಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವರಿಗೆ ಒಂದೊಂದು ಹೆಚ್ಚು. ಇದನ್ನು ಬರಿಯ ಶಿಕ್ಷೆಯ ಕ್ರಮವೆಂದು ಓದುವುದು ರೂಢಿ. ಆದರೆ ಇದು ಶ್ರೇಣಿಯೂ ಹೌದು, ಮತ್ತು ಅದು ಅಳೆಯುತ್ತಿದ್ದುದು ಕಲಿಕೆಯನ್ನಲ್ಲ, ಹೊತ್ತಿಗೆ ಸರಿಯಾಗಿ ಬರಲು ಬಿಡುವಿರುವ ಮನೆತನವನ್ನು. ಕೆಳವರ್ಗದ ಮಕ್ಕಳು ಅದಕ್ಕೆ ಹೊರಗಾಗಿದ್ದರು ಎಂಬುದಕ್ಕೆ ಅದೇ ವರದಿಯೇ ಸಾಕ್ಷಿ: ಎಳೆಯ ಕೈಕಾಲುಗಳಿಗೆ ಅಲ್ಪಸ್ವಲ್ಪ ದುಡಿಮೆಯ ಶಕ್ತಿ ಬಂದೊಡನೆ ತಂದೆತಾಯಿಗಳಿಗೆ ಆ ಮಕ್ಕಳ ನೆರವು ಬೇಕಾಗುತ್ತದೆಂದು ಕ್ಯಾಂಪ್‌ಬೆಲ್ ಬರೆದಿದ್ದಾನೆ.

ಮಠದ ವಾರ್ಷಿಕ ಒಪ್ಪಿಸುವಿಕೆ ನಡೆಯುತ್ತಿದ್ದುದು ಮಹಾನವಮಿಯ ಹೊತ್ತಿಗೆ. ಐಗಳು ಮಕ್ಕಳನ್ನು ಕರೆದುಕೊಂಡು ಮನೆಮನೆಗೂ ಹೋಗಿ ಚೌಪದಗಳನ್ನು ಹಾಡಿಸುವ, ಕೋಲು ಹಾಕಿಸುವ ಪದ್ಧತಿ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಬಹುಕಾಲ ಉಳಿದಿತ್ತು. ಮನೆಯವರು ಐಗಳಿಗೆ ಕಾಣಿಕೆಯನ್ನೂ ಮಕ್ಕಳಿಗೆ ತಿನಿಸನ್ನೂ ಕೊಡುತ್ತಿದ್ದರು. ಜಾನಪದ ಸಂಗ್ರಹಕಾರರು ಈ ಹಾಡುಗಳನ್ನು ಹಬ್ಬದ ಸಾಹಿತ್ಯವೆಂದು ವರ್ಗೀಕರಿಸಿದ್ದಾರೆ. ಅದು ತಪ್ಪಲ್ಲ, ಸಾಲದು. ಉಚ್ಚಾರ, ಜ್ಞಾಪಕ, ತಾಳಜ್ಞಾನ ಎಲ್ಲವೂ ಊರಿನ ಕಿವಿಗೆ ಬೀಳುತ್ತಿದ್ದವು. ಮಗುವಿನ ಜೊತೆಗೆ ಐಗಳೂ ಪರೀಕ್ಷೆಗೆ ಒಳಗಾಗುತ್ತಿದ್ದರು. ಅವರ ಗಳಿಕೆ ಆ ದಿನದ ಮೆಚ್ಚುಗೆಯನ್ನು ಆಶ್ರಯಿಸಿತ್ತು.

ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ಶಿಕ್ಷಣ ಇಲಾಖೆ ಸ್ಥಾಪನೆಯಾಗಿ, 1868ರಲ್ಲಿ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಬಂದ ಮೇಲೆ ಈ ಸಾಕ್ಷಿಗಳು ಬದಲಾದರು. ಊರಿನ ಕಿವಿಯ ಸ್ಥಾನಕ್ಕೆ ಇನ್‌ಸ್ಪೆಕ್ಟರು ಬಂದರು. ಅವರ ನಂತರ ಮುಖವೇ ಕಾಣದ ಪರೀಕ್ಷಕರು. ಕಾಗದದ ಮೇಲಿನ ಪರೀಕ್ಷೆ ಬಲವಾದಷ್ಟೂ ದಿನನಿತ್ಯದ ಒಪ್ಪಿಸುವಿಕೆಗೆ ಅಂಕವಿಲ್ಲದಾಯಿತು. ಅದು ಶಾಲೆಯಲ್ಲಿ ಉಳಿಯಿತು, ಆದರೆ ತಪ್ಪಿದರೆ ಬೆತ್ತ, ಸರಿಯಾದರೆ ಏನೂ ಇಲ್ಲ ಎಂಬ ಸ್ಥಿತಿಗೆ ಇಳಿಯಿತು. ‘ಪಾಸು’, ‘ಫೇಲು’ ಎಂಬ ಮಾತುಗಳು ಆಡುನುಡಿಯೊಳಗೆ ಎಷ್ಟು ಇಳಿದವೆಂದರೆ, ‘ಎಸ್ಸೆಸ್ಸೆಲ್ಸಿ ಫೇಲ್’ ಎಂಬುದೇ ಒಂದು ಕಾಲಕ್ಕೆ ಹಳ್ಳಿಯ ಯುವಕನ ವಿದ್ಯಾರ್ಹತೆಯಾಗಿ ಚಲಾವಣೆಯಲ್ಲಿತ್ತು.

ಈ ಬಗೆಯ ಪರೀಕ್ಷೆಗೆ ಒಂದು ಗುಣವಿತ್ತೆಂಬುದನ್ನು ಇಲ್ಲಿಯೇ ಹೇಳಬೇಕು. ಉತ್ತರಪತ್ರಿಕೆಯ ಮೇಲೆ ಇರುವುದು ನೋಂದಣಿ ಸಂಖ್ಯೆ, ಕೇರಿಯ ಹೆಸರಲ್ಲ. ಕೂಲಿಮಠದ ಜಗಲಿಗೆ ಹತ್ತಲಾಗದಿದ್ದ ಜಾತಿಗಳ ಮಕ್ಕಳಿಗೆ, ತಮ್ಮನ್ನು ಅರಿಯದ ಪರೀಕ್ಷಕ ಒಂದು ರಕ್ಷಣೆಯೇ ಆಗಿದ್ದ. ದಿನನಿತ್ಯದ ಕಲಿಕೆಗೆ ಅಂಕ ಕೊಡಬೇಕೆನ್ನುವ ವಾದ ಈ ಸಂಗತಿಯನ್ನು ಎದುರಿಸದೆ ಮುಂದೆ ಹೋಗಲಾರದು.

ಅಂಕವನ್ನೇ ಬಿಟ್ಟು ಅಳೆಯುವ ದಾರಿಯೊಂದನ್ನು ಹುಡುಕಿದವರು ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು. ಆಗಿನ ತಾಲ್ಲೂಕು ಇಂದಿನ ಸರಗೂರು ತಾಲ್ಲೂಕನ್ನೂ ಒಳಗೊಂಡಿತ್ತು. ಜೇನುಕುರುಬ, ಕಾಡುಕುರುಬ, ಯರವ ಹಾಡಿಗಳಿರುವ ಕಾಡಂಚಿನ ನೆಲ. ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನೋಡಬೇಕಿತ್ತು, ಮಕ್ಕಳು ತಿಂಗಳುಗಟ್ಟಲೆ ಕಾಣೆಯಾಗುತ್ತಿದ್ದರು. 1995ರಲ್ಲಿ ಯುನಿಸೆಫ್ ನೆರವಿನಿಂದ ಇಲ್ಲಿಯ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿಯ ಸಮೀಪದ ರಿಷಿ ವ್ಯಾಲಿಗೆ ಹೋಗಿ, ಅದರ ಆಶ್ರಯದಲ್ಲಿ ನಡೆಯುತ್ತಿದ್ದ ಬಹುವರ್ಗ ಬೋಧನೆಯ ಹಳ್ಳಿಶಾಲೆಗಳನ್ನು ಕಂಡುಬಂದರು. ಕಂಡದ್ದನ್ನು ಹಾಗೆಯೇ ನಕಲು ಮಾಡದೆ ಕನ್ನಡದ ಅಕ್ಷರಕ್ರಮಕ್ಕೂ ಇಲ್ಲಿಯ ಹಾಡು, ಕಥೆ, ಆಟಗಳಿಗೂ ಹೊಂದುವ ಕಾರ್ಡುಗಳನ್ನು ತಾವೇ ರೂಪಿಸಿಕೊಂಡರು. ಇಲಾಖೆಯ ಎಂ. ಎನ್. ಬೇಗ್ ಅವರ ಹೆಸರು ಈ ಪ್ರಯೋಗದೊಂದಿಗೆ ಬೆರೆತುಹೋಗಿದೆ.

ನಲಿ-ಕಲಿಯ ಅಳತೆಯ ಕ್ರಮ ಸರಳವಾದುದು. ಪಠ್ಯವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು ‘ಕಲಿಕಾ ಏಣಿ’ಯನ್ನು ಮಾಡಲಾಗಿದೆ, ಕೆಲವು ಮೆಟ್ಟಿಲುಗಳು ಸೇರಿದರೆ ಒಂದು ಮೈಲಿಗಲ್ಲು. ಯಾವ ಬಗೆಯ ಚಟುವಟಿಕೆ ಎಂಬುದನ್ನು ಕಾರ್ಡಿನ ಮೇಲಿನ ಚಿತ್ರ ಹೇಳುತ್ತದೆ, ಓದಲು ಬಾರದ ಮಗುವೂ ತನ್ನ ಕಾರ್ಡನ್ನು ತಾನೇ ಆರಿಸಿಕೊಳ್ಳಬಲ್ಲದು. ಶಿಕ್ಷಕರ ಪೂರ್ಣ ನೆರವು ಬೇಕಾದವರಿಂದ ತಾವೇ ಕಲಿಯುವವರವರೆಗೆ ಮಕ್ಕಳು ಗುಂಪುಗಳಲ್ಲಿ ಕೂರುತ್ತಾರೆ, ಗೆಳೆಯರಿಂದ ಕಲಿಯುವ ಗುಂಪೂ ಇದೆ. ಮೌಲ್ಯಮಾಪನ ಏಣಿಯೊಳಗಿನ ಒಂದು ಮೆಟ್ಟಿಲು ಮಾತ್ರ: ದಾಟಿದರೆ ಗೋಡೆಯ ‘ಪ್ರಗತಿನೋಟ’ದಲ್ಲಿ ಗುರುತು, ದಾಟದಿದ್ದರೆ ಮತ್ತಷ್ಟು ಅಭ್ಯಾಸ. ಮಾಡಿದ ಕೆಲಸವನ್ನು ತಲೆಯ ಮೇಲಿನ ದಾರದ ಚಪ್ಪರಕ್ಕೆ ತೂಗುಹಾಕಲಾಗುತ್ತದೆ. ಎರಡು ತಿಂಗಳು ಕೊಡಗಿಗೆ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಹೋದ ದಿನಗಳಿಗಾಗಿ ಅದು ಏನನ್ನೂ ಕಳೆದುಕೊಳ್ಳುವುದಿಲ್ಲ.

ಇದರಲ್ಲಿ ಐಗಳ ಮಠದ ನೆರಳನ್ನು ಕಾಣುವವರಿದ್ದಾರೆ. ಹಿರಿಯ ಹುಡುಗರು ಕಿರಿಯರಿಗೆ ಹೇಳಿಕೊಡುತ್ತಿದ್ದುದನ್ನು ಕ್ಯಾಂಪ್‌ಬೆಲ್ ಕೂಡ ಗುರುತಿಸಿದ್ದಾನೆ. ಹೋಲಿಕೆ ನಿಜ, ಆದರೆ ಅಲ್ಲಿಗೇ ನಿಲ್ಲಬೇಕು. ಮೊದಲು ಬಂದವನಿಗೆ ಸರಸ್ವತಿ, ಕೊನೆಗೆ ಬಂದವನಿಗೆ ಏಟು ಎಂಬ ನಿಯಮವನ್ನು ನಲಿ-ಕಲಿ ತಲೆಕೆಳಗು ಮಾಡಿತು.

ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಕಾಲದಲ್ಲಿ ವಿಸ್ತರಿಸಿದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ವ್ಯಾಪಿಸಿತು. ಅದೇ ಹೊತ್ತಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿ, ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಂಡಳಿ ಪರೀಕ್ಷೆ ಕೂಡದೆಂದಿತು. ಮೇಲಿನ ತರಗತಿಗಳಿಗೆ ಬಂದದ್ದು ಏಣಿಯಲ್ಲ, ಅಂಕಗಳ ಹಂಚಿಕೆ: ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು. 2014-15ರಿಂದ ಎಸ್.ಎಸ್.ಎಲ್.ಸಿ.ಯಲ್ಲಿಯೂ ಲಿಖಿತ ಪರೀಕ್ಷೆಗೆ 80, ಶಾಲೆಯೊಳಗಿನ ಕೆಲಸಕ್ಕೆ 20 ಎಂಬ ವಿಭಾಗ ನೆಲೆಗೊಂಡಿತು. ಪ್ರಥಮ ಭಾಷೆಗೆ ಮಾತ್ರ 100 ಮತ್ತು 25.

ಈ ಹಂಚಿಕೆಯನ್ನು ಪಂಚಾಂಗದ ಪಕ್ಕದಲ್ಲಿ ಇಟ್ಟು ನೋಡಬೇಕು. ಮೊದಲ ಎರಡು ರೂಪಣಾತ್ಮಕ ಮೌಲ್ಯಮಾಪನಗಳು ಬರುವುದು ದಸರಾ ರಜೆಗೆ ಮುಂಚೆ, ಮಳೆಗಾಲದಲ್ಲಿ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಮನೆಗಳಲ್ಲಿ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗೆ ಏರಿಸಿ, ರಾತ್ರಿಯಿಡೀ ಬೆಂಕಿ ಕಾಯುವ ಕಾಲವೂ ಅದೇ. ಕೃಷ್ಣರಾಜನಗರದ ನಾಲೆಬಯಲಿನಲ್ಲಿ ನಾಟಿಯ ಕಾಲ. ಉಳಿದೆರಡು ಮೌಲ್ಯಮಾಪನಗಳು ಬರುವ ಚಳಿಗಾಲ ಕೊಡಗಿನಲ್ಲಿ ಕಾಫಿ ಹಣ್ಣು ಕೀಳುವ ಸಮಯ. ಕನ್ನಡದಲ್ಲಿ ‘ಮನೆಗೆಲಸ’ ಎಂಬ ಒಂದೇ ಪದಕ್ಕೆ ಇಲ್ಲಿ ಎರಡು ಅರ್ಥ, ಎರಡಕ್ಕೂ ಒಂದೇ ಸಂಜೆ. 1993ರ ಯಶಪಾಲ್ ಸಮಿತಿ ಪ್ರಾಥಮಿಕ ತರಗತಿಗಳಿಗೆ ಮನೆಗೆಲಸ ಬೇಡವೆಂದಾಗ ಅದರ ಕಣ್ಣ ಮುಂದೆ ಇದ್ದುದು ಪುಸ್ತಕದ ಹೊರೆ; ಸೊಪ್ಪಿನ ಹೊರೆ ಅದರ ಲೆಕ್ಕಕ್ಕೆ ಬಂದಿರಲಿಲ್ಲ. ವರ್ಷವಿಡೀ ಹರಡಿದ ಅಂಕ ಒಂದೇ ದಿನದ ಪರೀಕ್ಷೆಗಿಂತ ಉದಾರವೆಂಬ ನಂಬಿಕೆ ವರ್ಷವಿಡೀ ಊರಿನಲ್ಲಿರುವ ಮಕ್ಕಳ ಮಟ್ಟಿಗೆ ನಿಜ.

ಶಿಕ್ಷಕರು ಇದನ್ನು ಅರಿಯದವರಲ್ಲ. ಆಂತರಿಕ ಅಂಕವೆಂದರೆ ‘ಕೊಡುವ ಅಂಕ’ವೆಂಬ ಮಾತು ಅವರ ವಲಯದಲ್ಲಿ ಸಾಮಾನ್ಯ. ಕರುಣೆಯಿಂದ ಎಲ್ಲರಿಗೂ ತುಂಬಿಕೊಟ್ಟರೆ ಆ 20 ಅಂಕಗಳು ಏನನ್ನೂ ಅಳೆಯುವುದಿಲ್ಲ; ಕಟ್ಟುನಿಟ್ಟಾಗಿ ಕೊಟ್ಟರೆ ಹಾಡಿಯ ಮಗು ಮೊದಲು ಬೀಳುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಟಿಬೆಟನ್ ಮಕ್ಕಳ ಶಾಲೆಗಳು ಕೇಂದ್ರೀಯ ಮಂಡಳಿಗೆ ಸೇರಿದ್ದರಿಂದ 2009ರಲ್ಲಿ ಆರಂಭವಾದ 40ಕ್ಕೆ 60ರ ಹಂಚಿಕೆಯನ್ನೂ 2017ರಲ್ಲಿ ಅದರ ರದ್ದತಿಯನ್ನೂ ಕಂಡವು. ಅದೇ ಊರಿನ ಸೆರಾ ವಿಹಾರದ ಅಂಗಳದಲ್ಲಿ ಭಿಕ್ಷುಗಳು ಚಪ್ಪಾಳೆ ತಟ್ಟುತ್ತ ಎಲ್ಲರೆದುರು ವಾದ ಹೂಡಿ ತಮ್ಮ ಕಲಿಕೆಯನ್ನು ಸಾಬೀತು ಮಾಡುವ ಕ್ರಮ ಮಾತ್ರ ಯಾವ ಸುತ್ತೋಲೆಗೂ ಕಾಯದೆ ನಡೆದಿದೆ. ಮಹಾನವಮಿಯ ಚೌಪದಕ್ಕೆ ಅದು ದೂರದ ನೆಂಟ.

ಕೊರೊನಾ ಕಾಲದಲ್ಲಿ, 2021ರ ಜುಲೈ 19 ಮತ್ತು 22ರಂದು, ಎಸ್.ಎಸ್.ಎಲ್.ಸಿ. ಎರಡೇ ದಿನಗಳ ಬಹು ಆಯ್ಕೆಯ ಪ್ರಶ್ನೆಗಳಿಗೆ ಇಳಿಯಿತು. ಬಳಿಕ ಗಾಳಿ ಇನ್ನೊಂದು ಕಡೆಗೆ ತಿರುಗಿತು. ಶಿಕ್ಷಣ ಹಕ್ಕು ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ 5 ಮತ್ತು 8ನೆಯ ತರಗತಿಗಳಲ್ಲಿ ವರ್ಷಾಂತ್ಯದ ಪರೀಕ್ಷೆಗೆ ದಾರಿ ತೆರೆದಿತ್ತು. ರಾಜ್ಯದಲ್ಲಿ 2023ರ ಮಾರ್ಚಿಯಲ್ಲಿ ಈ ಎರಡು ತರಗತಿಗಳಿಗೂ ಮರುವರ್ಷ 9ನೆಯ ತರಗತಿಗೂ ರಾಜ್ಯಮಟ್ಟದ ಪರೀಕ್ಷೆ ನಡೆಯಿತು. ವಿವಾದ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠದಿಂದ ವಿಭಾಗೀಯ ಪೀಠಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, 2024ರ ಏಪ್ರಿಲ್ 8ರಂದು ಫಲಿತಾಂಶ ಪ್ರಕಟಣೆಗೆ ತಡೆ ಬಿದ್ದಿತು. ಪರೀಕ್ಷೆ ಬೇಕೆನ್ನುವವರೂ ಬೇಡವೆನ್ನುವವರೂ ಮಾರ್ಚಿಯ ಪತ್ರಿಕೆಯನ್ನು ಕುರಿತೇ ವಾದಿಸಿದರು. ಹೊಗೆಸೊಪ್ಪಿನ ತಿಂಗಳುಗಳ ಅಂಕ ಚರ್ಚೆಗೆ ಬರಲಿಲ್ಲ. ಹೆಗ್ಗಡದೇವನಕೋಟೆಯ ಏಣಿಯೂ ಮೂರನೆಯ ತರಗತಿಯಲ್ಲಿ ಮುಗಿಯುತ್ತದೆ. ನಾಲ್ಕನೆಯ ತರಗತಿಯಿಂದ, ಕೊಡಗಿನ ತೋಟದಲ್ಲಿರುವ ಮಗುವಿನ ಹೆಸರಿನ ಮುಂದೆ ಶಿಕ್ಷಕರು ಬರೆಯಬೇಕಾದುದು ಗೈರುಹಾಜರಿ ಎಂದು.