ಬಿದ್ರಿಯ ಕಪ್ಪು: ಮಣ್ಣಿನ ಗುಣವೋ, ಕೈಯ ಗುಣವೋ?

ದಿಲ್‌ಸುಖ್‌ನಗರದ ನಮ್ಮ ಕನ್ನಡ ಬಂಧುಗಳ ಮನೆಗಳಿಗೆ ಹೋದರೆ, ಮದುವೆಯ ಉಡುಗೊರೆಯಾಗಿ ಬಂದ ಬಿದ್ರಿಯ ಹೂದಾನಿಯೋ ಡಬ್ಬಿಯೋ ಗಾಜಿನ ಕಪಾಟಿನಲ್ಲಿ ಕಣ್ಣಿಗೆ ಬೀಳುವುದುಂಟು. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದ ಜಿಲ್ಲೆಯಾಗಿತ್ತು. ಆದುದರಿಂದ ಈ ನಗರಕ್ಕೆ ಬಿದ್ರಿ ಎಂದೂ ಪರಸ್ಥಳದ ಸರಕಾಗಿರಲಿಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಇರಾನಿನಿಂದ ಬಂದ ಕುಶಲಕರ್ಮಿಗಳು ಈ ಕಲೆಯನ್ನು ತಂದರೆಂಬ ಐತಿಹ್ಯವಿದೆ.

ಕೆಲಸದ ಕ್ರಮ ಹೀಗೆ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಕರಗಿಸಿ, ರಾಳ ಮತ್ತು ಹರಳೆಣ್ಣೆ ಕಲಸಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಮಾಡಿದ ಮೇಲೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪೇರಿಸುತ್ತಾರೆ. ಆ ಕಪ್ಪಿನ ಮೇಲೆ ಬರೆದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಆಮೇಲೆ ಸಣ್ಣ ಉಳಿಗಳ ಸರದಿ. ಕೂದಲೆಳೆಯಂಥ ಕಾಲುವೆ ಕೊರೆದು ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿದರೆ ತಾರಕಶಿ. ತಗಡನ್ನು ಕೂರಿಸಿದರೆ ತೆಹ್‌ನಿಶಾನ್. ಚಿತ್ರವನ್ನು ಮೇಲ್ಮೈಯಿಂದ ಉಬ್ಬಿಸಿದರೆ ಜರ್‌ಬುಲಂದ್. ಅಂಟು ಇಲ್ಲ, ಬೆಸುಗೆ ಇಲ್ಲ. ಕಾಲುವೆಯ ಅಂಚೇ ಬೆಳ್ಳಿಯನ್ನು ಕಚ್ಚಿ ಹಿಡಿಯಬೇಕು.

ಕೊನೆಯದು ಬೀದರ್ ಕೋಟೆಯ ಮಣ್ಣು. ಇದನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ಬಳಿದರೆ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಬಿಸಿಲು ಮಳೆ ಕಾಣದ ಮೂಲೆಯ ಮಣ್ಣೇ ಬೇಕೆಂದು ಕುಶಲಕರ್ಮಿಗಳು ಹೇಳುತ್ತಾರೆ. ನಾಲಿಗೆಯ ಮೇಲಿಟ್ಟು ಪರೀಕ್ಷಿಸುವುದೂ ಉಂಟು. ಕೋಟೆಯೊಳಗಿನ ಅಂಥ ಮಣ್ಣು ತೀರಿದರೆ ಬಿದ್ರಿಯ ಗತಿಯೇನೆಂಬ ಆತಂಕ ಇಲ್ಲಿಂದಲೇ ಹುಟ್ಟುತ್ತದೆ.

ಈ ಆತಂಕವನ್ನು ಸ್ವಲ್ಪ ಪರಿಶೀಲಿಸಬೇಕು. 1814ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬೆಂಜಮಿನ್ ಹೇಯ್ನ್ ಬಿದ್ರಿಯ ತಯಾರಿಕೆಯನ್ನು ವಿವರಿಸಿದ್ದಾನೆ. ಕಪ್ಪೇರಿಸಲು ಅವನು ಹೇಳುವ ಸಾಮಗ್ರಿ ನವಸಾಗರ, ಪೆಟ್ಲುಪ್ಪು, ಅಡುಗೆ ಉಪ್ಪು, ಮೈಲುತುತ್ತ. 1987ರಲ್ಲಿ ಲಂಡನ್ನಿನ ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ ಎಂಬ ವಿಜ್ಞಾನಿಗಳು ಹಳೆಯ ಪಾತ್ರೆಗಳನ್ನು ಪರೀಕ್ಷಿಸಿ, ಈ ಕಪ್ಪಿಗೆ ಲೋಹದಲ್ಲಿರುವ ಅಲ್ಪ ತಾಮ್ರವೂ ಅಗತ್ಯವೆಂದು ತೋರಿಸಿದರು. ಹಾಗಾದರೆ ಮಣ್ಣಿನ ಮಹಿಮೆ ಅದರಲ್ಲಿರುವ ಲವಣದ ಮಹಿಮೆ. ಲಖನೌ, ಮುರ್ಷಿದಾಬಾದ್, ಪೂರ್ಣಿಯಾಗಳಲ್ಲಿಯೂ ಹಿಂದೆ ಬಿದ್ರಿ ತಯಾರಾಗುತ್ತಿತ್ತು. ಬೀದರಿನ ಕೋಟೆ ಅಲ್ಲಿರಲಿಲ್ಲವಷ್ಟೆ! ಅಲ್ಲಿ ಈ ಕಸಬು ಕ್ಷೀಣಿಸಿದ್ದು ಮಣ್ಣಿನ ಅಭಾವದಿಂದಲ್ಲ, ಆಶ್ರಯದ ಅಭಾವದಿಂದ ಎಂದು ನನ್ನ ಎಣಿಕೆ.

ಸಾಮಗ್ರಿಯ ಮಟ್ಟಿಗೆ ಬಿದ್ರಿಯಷ್ಟು ಮಿತವ್ಯಯದ ಕಸಬು ಕಡಿಮೆ. ಅಚ್ಚಿನ ಮಣ್ಣನ್ನು ಪುಡಿಮಾಡಿ ಮತ್ತೆ ಬಳಸಬಹುದು, ಕೆಟ್ಟ ಎರಕವನ್ನು ಮತ್ತೆ ಕರಗಿಸಬಹುದು, ಬೆಳ್ಳಿಯ ಚೂರನ್ನಂತೂ ಯಾರೂ ಚೆಲ್ಲುವುದಿಲ್ಲ. ವ್ಯಯವಾಗುವುದು ಮನುಷ್ಯನ ಕಣ್ಣು ಮತ್ತು ಶ್ವಾಸಕೋಶ. ಕರಗಿದ ಸತುವಿನ ಹೊಗೆ, ಅರದ ಧೂಳು, ದಿನವಿಡೀ ಬಗ್ಗಿ ಕೊರೆಯುವ ಕೆಲಸ. ಇದನ್ನು ಕಂಡ ಮಗ ಬೇರೆ ದಾರಿ ಹಿಡಿದರೆ ತಪ್ಪೆನ್ನುವುದು ಹೇಗೆ? 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು, 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಸಂತೋಷವೇ. ಆದರೆ ಅಂಗಡಿಯಲ್ಲಿ ನಾವು ಬೆಳ್ಳಿಯ ತೂಕ ಕೇಳುತ್ತೇವೆ, ಎಷ್ಟು ದಿನ ಕೊರೆದರೆಂದು ಕೇಳುವುದಿಲ್ಲ.

ದಿಲ್‌ಸುಖ್‌ನಗರದಿಂದ ಮೆಟ್ರೋ ಹತ್ತಿ ಎಂ.ಜಿ. ಬಸ್ ನಿಲ್ದಾಣದಲ್ಲಿ ಇಳಿದರೆ, ಮೂಸಿಯ ದಂಡೆಯ ಸಾಲಾರ್ ಜಂಗ್ ಮ್ಯೂಸಿಯಂ ದೂರವಲ್ಲ. ಅಲ್ಲಿ ಹಳೆಯ ಬಿದ್ರಿಯ ಒಳ್ಳೆಯ ಸಂಗ್ರಹವಿದೆ. ಹಳೆಯ ಪಾತ್ರೆಗಳಲ್ಲಿ ಎಲ್ಲಿಯಾದರೂ ಬೆಳ್ಳಿ ಕಿತ್ತುಹೋಗಿದ್ದರೆ ಅಲ್ಲಿಯೇ ಸ್ವಲ್ಪ ಬಗ್ಗಿ ನೋಡಿರಿ. ಬರಿದಾದ ಕಾಲುವೆಯಲ್ಲಿ ಉಳಿಯ ಒಂದೊಂದು ಏಟೂ ಕಾಣುತ್ತದೆ.