ಟೈರಿನ ಪಕ್ಕೆಯ ಶಾಸನ

ಶಾಸನವೆಂದರೆ ಕಲ್ಲಿನ ಮೇಲೋ ತಾಮ್ರದ ತಗಡಿನ ಮೇಲೋ ಇರಬೇಕೆಂಬ ನಿಯಮವೇನೂ ಇಲ್ಲ. ಕಾರಿನ ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ‘185/65 ಆರ್ 15’ ಎಂಬಂಥ ಸಾಲೂ ಒಂದು ಶಾಸನವೇ. 185 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 65 ಎಂಬುದು ಪಕ್ಕೆಯ ಎತ್ತರ, ಆ ಅಗಲದ ಶೇಕಡಾವಾರಿನಲ್ಲಿ. ಕೊನೆಯ 15 ರಿಮ್ಮಿನ ವ್ಯಾಸ. ಅದು ಮಾತ್ರ ಅಂಗುಲದಲ್ಲಿ. ಒಂದೇ ಸಾಲಿನಲ್ಲಿ ಎರಡು ಅಳತೆಗಳ ಈ ಸಹವಾಸ ವಿಚಿತ್ರವಾದರೂ ಅಕಾರಣವಲ್ಲ.

ಗಾಳಿ ತುಂಬಿದ ಚಕ್ರದ ಕೀರ್ತಿ ಸಾಮಾನ್ಯವಾಗಿ ಜಾನ್ ಬಾಯ್ಡ್ ಡನ್‌ಲಪ್ ಅವರಿಗೆ ಸಲ್ಲುತ್ತದೆ. ಬೆಲ್‌ಫಾಸ್ಟ್‌ನ ಈ ಪಶುವೈದ್ಯರು ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಮಾಡಿದ ಪ್ರಯೋಗಕ್ಕೆ 1888ರಲ್ಲಿ ಪೇಟೆಂಟ್ ಪಡೆದರು. ಎರಡು ವರ್ಷಗಳಲ್ಲೇ ಅದು ಅಸಿಂಧುವೆಂದು ತಿಳಿಯಿತು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಅದೇ ಕಲ್ಪನೆಗೆ ಪೇಟೆಂಟ್ ಪಡೆದಿದ್ದರು. ರಬ್ಬರು ಹಾಯಿಸಿದ ಬಟ್ಟೆಯ ಕೊಳವೆ, ಮೇಲೊಂದು ತೊಗಲಿನ ಹೊದಿಕೆ. ಕುದುರೆಗಾಡಿಗಳಲ್ಲಿ ಅದು ಓಡಿಯೂ ತೋರಿಸಿತ್ತು. ಆದರೆ ಆಗ ಸೈಕಲ್ಲಿನ ಹುಚ್ಚೂ ಇರಲಿಲ್ಲ, ಕಾರೂ ಇರಲಿಲ್ಲ. ಥಾಮ್ಸನ್ ಸೋತದ್ದು ಬುದ್ಧಿಯಲ್ಲಲ್ಲ, ಕಾಲದಲ್ಲಿ.

ರಿಮ್ಮಿನ ಅಂಗುಲ ಬ್ರಿಟನ್, ಅಮೆರಿಕಗಳ ಬಳುವಳಿ. ‘ಆರ್’ ಎಂಬ ಅಕ್ಷರ ಫ್ರಾನ್ಸಿನ ಮಿಶೆಲಿನ್ ಸಂಸ್ಥೆಯ ಕಡೆಗೆ ಕೈ ತೋರಿಸುತ್ತದೆ. ಅದುವರೆಗಿನ ಟೈರುಗಳಲ್ಲಿ ನೂಲಿನ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾಯುತ್ತಿದ್ದವು. ಪಕ್ಕೆ ಬಾಗಿದಾಗಲೆಲ್ಲ ನೆಲ ಮುಟ್ಟುವ ಭಾಗವೂ ಹೊರಳಾಡಿ, ಬಿಸಿಯಾಗಿ, ಬೇಗ ಸವೆಯುತ್ತಿತ್ತು. 1946ರಲ್ಲಿ ಪೇಟೆಂಟ್ ಆದ ರೇಡಿಯಲ್ ಟೈರಿನಲ್ಲಿ ನೂಲು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಅಡ್ಡ ಹಾಯ್ದಿತು, ಮೇಲೆ ಉಕ್ಕಿನ ಪಟ್ಟಿ ಬಂತು. ಪಕ್ಕೆ ಮೆತ್ತಗೆ, ಅಡಿ ಬಿಗಿ. 1975ರಲ್ಲಿ ಮಿಶೆಲಿನ್ ರಿಮ್ಮನ್ನೂ ಮಿಲಿಮೀಟರಿಗೆ ತರಲು ಹೊರಟಿತು, ಮಾರುಕಟ್ಟೆ ಒಪ್ಪಲಿಲ್ಲ. ಅಂಗುಲ ಇಂದಿಗೂ ಉಳಿದಿದೆ.

ಶಾಸನದಲ್ಲಿ ಕೆತ್ತದೆ ಬಿಟ್ಟ ಸಾಲುಗಳೂ ಇವೆ. ಸೈಕಲ್ಲು, ಕಾರುಗಳು ಬೆಳೆದಂತೆ ರಬ್ಬರಿನ ಬೆಲೆ ಏರಿತು. ಅದಕ್ಕೆ ತೆತ್ತವರಲ್ಲಿ ಕಾಂಗೋದ ಕಾಡಿನ ಜನ ಮೊದಲಿಗರು. ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡನ ಸ್ವಂತ ಸ್ವತ್ತಾಗಿದ್ದ ಆ ನಾಡಿನಲ್ಲಿ ಪ್ರತಿ ಊರೂ ಇಂತಿಷ್ಟು ರಬ್ಬರು ಒಪ್ಪಿಸಬೇಕಿತ್ತು. ತಪ್ಪಿದರೆ ಹೆಂಗಸರನ್ನು ಒತ್ತೆಯಿಡುತ್ತಿದ್ದರು, ಊರು ಸುಡುತ್ತಿದ್ದರು, ಕೈ ಕಡಿಯುತ್ತಿದ್ದರು. ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟರ ವರದಿ 1904ರಲ್ಲಿ ಇದನ್ನು ಲೋಕದ ಮುಂದಿಟ್ಟಿತು. 1908ರಲ್ಲಿ ದೊರೆ ಕಾಂಗೋವನ್ನು ಬೆಲ್ಜಿಯಂ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು. ಟೈರಿನ ಇತಿಹಾಸವನ್ನು ಕೇವಲ ಜಾಣ ಸಂಶೋಧಕರ ಕತೆಯಾಗಿ ಹೇಳುವ ಪುಸ್ತಕಗಳು ನನಗೆ ಅರ್ಧ ಓದಿದ ಶಾಸನದಂತೆ ಕಾಣುತ್ತವೆ.

ನಮ್ಮ ಕಡೆಯ ಅಧ್ಯಾಯ ಹಗುರಾದದ್ದು, ಅಕ್ಷರಶಃ. ಚೆನ್ನೈನ ಓದುಗರು ದಿನವೂ ಹಾದುಹೋಗುವ ತಿರುವೊಟ್ಟಿಯೂರಿನಲ್ಲಿ 1946ರಲ್ಲಿ ಕೆ. ಎಂ. ಮಾಮ್ಮನ್ ಮಾಪಿಳ್ಳೈ ಶುರುಮಾಡಿದ್ದು ಆಟದ ಬಲೂನುಗಳನ್ನು. 1952ರಲ್ಲಿ ಅವರು ಹಳೆಯ ಟೈರಿಗೆ ಹೊಸ ಮೈ ಹಾಕುವ ರಬ್ಬರಿಗೆ ಕೈಹಾಕಿದರು. ಟೈರು ಬಂದದ್ದು ಅದಾದ ಮೇಲೆ. ಸವೆದದ್ದನ್ನು ಎಸೆಯದ ದೇಶದಲ್ಲಿ ಆ ಕ್ರಮ ಸಹಜವೇ.

ಇನ್ನು ಶಾಸನದ ತೇದಿ. ಪಕ್ಕೆಯ ಮೇಲೆ ಒಂದು ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ಬೆಲೆಗಿಂತ ಮೊದಲು ಇದನ್ನು ಓದಬೇಕು. ಓಡದೆ ನಿಂತ ಟೈರಿಗೂ ವಯಸ್ಸಾಗುತ್ತದೆ, ರಬ್ಬರು ಗಡುಸಾಗಿ ಸೀಳು ಬಿಡುತ್ತದೆ. ಓಡುವ ಟೈರಿನ ಗ್ರಿಪ್ 1.6 ಮಿಲಿಮೀಟರಿಗೆ ಇಳಿದರೆ ಕಾನೂನೂ ಮಳೆಯೂ ಅದನ್ನು ಕ್ಷಮಿಸುವುದಿಲ್ಲ. ಎರಡನ್ನಷ್ಟೇ ಬದಲಿಸುವುದಾದರೆ, ಹೊಸವನ್ನು ಮುಂದಕ್ಕೆ ಹಾಕುವುದೇ ನಮ್ಮಲ್ಲಿ ರೂಢಿ. ಅವನ್ನು ಹಿಂದಕ್ಕೆ ಹಾಕಿಸಿ: ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಚಾಲಕನಿಗೆ ತಿಳಿಯುತ್ತದೆ, ಹಿಂದಿನದು ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ.