ನೀರಂಚಿನ ಮನೆ: ವಾಸವೂ ವೃತ್ತಿಯೂ ಒಂದೇ ಸೂರಿನಡಿ ಇದ್ದ ಕಾಲ

ನಾಡಿನ ಇತಿಹಾಸವನ್ನು ಬರೆಯುವವರು ಕೋಟೆ, ದೇಗುಲ, ಅರಮನೆಗಳಿಗೆ ಕೊಡುವಷ್ಟು ಗಮನವನ್ನು ಜನಸಾಮಾನ್ಯರ ಮನೆಗೆ ಕೊಡುವುದು ವಿರಳ. ಆದರೆ ಒಂದು ಊರಿನ ಜನ ಹೇಗೆ ಬಾಳಿದರು, ಹೇಗೆ ಗಳಿಸಿದರು ಎಂಬ ಎರಡು ಪ್ರಶ್ನೆಗಳಿಗೂ ಒಮ್ಮೆಗೇ ಉತ್ತರ ಕೊಡಬಲ್ಲ ಸಾಕ್ಷಿ ಮನೆಯೇ. ಅದರಲ್ಲಿಯೂ ಜಲಮಾರ್ಗದ ಅಂಚಿನಲ್ಲಿ ನಿಂತು, ಮುಂಭಾಗದಲ್ಲಿ ವ್ಯಾಪಾರವನ್ನೂ ಹಿಂಭಾಗದಲ್ಲಿ ಸಂಸಾರವನ್ನೂ ಅಟ್ಟದ ಮೇಲೆ ಸರಕನ್ನೂ ಹೊತ್ತಿದ್ದ ಮನೆ ಈ ದೃಷ್ಟಿಯಿಂದ ವಿಶೇಷ ವಿಚಾರಕ್ಕೆ ಅರ್ಹವಾದುದು. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ನೆಲಸಿರುವ ನಮಗೆ ಮನೆ ಒಂದೆಡೆ, ದುಡಿಮೆ ಇನ್ನೊಂದೆಡೆ ಎಂಬುದು ಪ್ರಕೃತಿಸಿದ್ಧವಾದ ಏರ್ಪಾಡೆಂದೇ ತೋರುತ್ತದೆ. ಈ ಖಾಡಿಯ ದಂಡೆಗಳ ಎರಡು ಸಾವಿರ ವರ್ಷಗಳ ಇತಿಹಾಸದಲ್ಲಿ ಅದು ತೀರ ಈಚಿನದು ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇಂಥ ಮನೆಯ ಸ್ವರೂಪವನ್ನು ತಿಳಿಯಲು, ಅದು ಇಂದಿಗೂ ಸಾಲುಸಾಲಾಗಿ ಉಳಿದಿರುವ ಆಮ್ಸ್ಟರ್ಡಾಮ್ ನಗರವನ್ನು ಮೊದಲು ನೋಡುವುದು ಯುಕ್ತ. ಆ ನಗರವನ್ನು ಬಳಸಿ ಹರಿಯುವ ಮೂರು ದೊಡ್ಡ ಕಾಲುವೆಗಳನ್ನು ತೋಡುವ ಕೆಲಸ 1613ರಲ್ಲಿ ಮೊದಲಾಯಿತು. ಜೌಗು ನೆಲದಲ್ಲಿ ಸುಮಾರು 12 ಮೀಟರ್ ಆಳದ ಮರಳಿನ ಪದರ ಮುಟ್ಟುವವರೆಗೆ ಮರದ ಕಂಬಗಳನ್ನು ಇಳಿಸಿ, ಅವುಗಳ ಮೇಲೆ ಇಟ್ಟಿಗೆಯ ಮನೆಗಳನ್ನು ಕಟ್ಟಿದರು. ಕಾಲುವೆಯ ಮುಖದಲ್ಲಿ ಜಾಗ ದುಬಾರಿ. ಆದುದರಿಂದ ಮನೆಯ ಅಗಲ ಕಿರಿದು, ಆಳ ಹಿರಿದು. ಬೀದಿಗೆ ತೆರೆದ ಎತ್ತರವಾದ ಮುಂಕೋಣೆಯೇ ಅಂಗಡಿ, ಕಚೇರಿ ಅಥವಾ ಕಮ್ಮಟ. ಅದರ ಹಿಂದೆ ಸಂಸಾರದ ಕೋಣೆಗಳು. ಮೇಲಿನ ಅಂತಸ್ತುಗಳಲ್ಲಿ ಧಾನ್ಯ, ಬಟ್ಟೆ, ಸಂಬಾರ ಪದಾರ್ಥಗಳ ಉಗ್ರಾಣ. ಮುಖಭಿತ್ತಿಯ ನೆತ್ತಿಯಿಂದ ಹೊರಚಾಚಿದ ತೊಲೆಗೆ ರಾಟೆಯನ್ನು ಕಟ್ಟಿ, ದೋಣಿಯಲ್ಲಿ ಬಂದ ಮೂಟೆಯನ್ನು ಅಟ್ಟಕ್ಕೆ ಎಳೆದುಕೊಳ್ಳುತ್ತಿದ್ದರು. ಮೇಲೇರುವ ಮೂಟೆ ಗೋಡೆಗೆ ತಾಗದಿರಲೆಂದು ಎಷ್ಟೋ ಮನೆಗಳ ಮುಖವನ್ನು ತುಸು ಮುಂದಕ್ಕೆ ವಾಲಿಸಿಯೇ ಕಟ್ಟಿರುವುದುಂಟು. ಈ ಕಾಲುವೆಗಳ ವಲಯವನ್ನು 2010ರಲ್ಲಿ ಯುನೆಸ್ಕೊ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇಂಥ ಮನೆಯಲ್ಲಿ ಕುಟುಂಬದ ಭಾಗ್ಯವೂ ವೃತ್ತಿಯ ಭಾಗ್ಯವೂ ಎಷ್ಟು ಹೆಣೆದುಕೊಂಡಿದ್ದವೆಂಬುದಕ್ಕೆ ಅದೇ ನಗರದ ಚಿತ್ರಕಾರ ರೆಂಬ್ರಾಂಟನ ಮನೆಯೇ ನಿದರ್ಶನ. ಕಾಲುವೆಗೆ ಸಮೀಪದ ಬೀದಿಯಲ್ಲಿದ್ದ ಆ ಮನೆಯನ್ನು ಆತ 1639ರಲ್ಲಿ 13,000 ಗಿಲ್ಡರುಗಳಿಗೆ ಕೊಂಡನು. ಮುಂಕೋಣೆಯಲ್ಲಿ ಮಾರಾಟದ ಚಿತ್ರಗಳು, ಮೇಲೆ ಅವನ ಚಿತ್ರಶಾಲೆ, ಅಟ್ಟದಲ್ಲಿ ಶಿಷ್ಯರು. ಮೊಗಲ್ ಚಿತ್ರಗಳನ್ನು ನೋಡಿಕೊಂಡು ಆತ ಬರೆದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಉಳಿದಿರುವುದರಿಂದ, ನಮ್ಮ ದೇಶದ ಕಲೆಯೂ ಹಡಗುಗಳ ದಾರಿಯಾಗಿ ಅಂಥ ಮನೆಗಳನ್ನು ಮುಟ್ಟಿತ್ತೆಂಬುದು ವಿದಿತವಾಗುತ್ತದೆ. 1656ರಲ್ಲಿ ಆತ ದಿವಾಳಿಯಾದಾಗ ಅಧಿಕಾರಿಗಳು ಕೋಣೆಕೋಣೆಯಾಗಿ ಸೊತ್ತಿನ ಪಟ್ಟಿಯನ್ನು ಬರೆದರು. ಆ ಪಟ್ಟಿಯಲ್ಲಿ ಮಾರುವ ಚಿತ್ರಗಳೂ ಮನೆಯ ಹಾಸಿಗೆ ಪಾತ್ರೆಗಳೂ ಒಟ್ಟೊಟ್ಟಿಗೆ ಬಂದಿವೆ. ವ್ಯಾಪಾರ ಮುಳುಗಿದಾಗ ಸೂರೂ ಹೋಯಿತು. 1658ರಲ್ಲಿ ಮನೆ ಹರಾಜಾಯಿತು. ಇಂದು ನಾವು ಆ ಮನೆಯ ಒಳಗನ್ನು ಕಲ್ಪಿಸಿಕೊಳ್ಳಲು ಸಾಧ್ಯವಾಗಿರುವುದು ಈ ದುರದೃಷ್ಟದ ಪಟ್ಟಿಯಿಂದಲೇ.

ಇನ್ನು ನಮ್ಮ ಕರಾವಳಿಗೆ ಬರೋಣ. ಡಚ್ಚರು 1637ರಲ್ಲಿ ವೆಂಗುರ್ಲೆಯಲ್ಲಿಯೂ, ಆ ಶತಮಾನದ ಉತ್ತರಾರ್ಧದಲ್ಲಿ ಬಸರೂರಿನಲ್ಲಿಯೂ ಕೋಠಿಗಳನ್ನು ಇಟ್ಟಿದ್ದರು. ಅವರು ಬರುವುದಕ್ಕೆ ಬಹು ಮುಂಚೆಯೇ ನೀರಂಚಿನ ವರ್ತಕರ ಬದುಕು ಇಲ್ಲಿ ಸುವ್ಯವಸ್ಥಿತವಾಗಿತ್ತು. ವಾರಾಹಿ ನದಿಯ ಬಸರೂರಿನಿಂದಲೂ ಅದರ ದಕ್ಷಿಣದ ಬಾರಕೂರಿನಿಂದಲೂ ಹೊರದೇಶಗಳಿಗೆ ಅಕ್ಕಿ ಹೋಗುತ್ತಿದ್ದುದನ್ನು ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಲೇಖಕ ಬಾರ್ಬೊಸ ದಾಖಲಿಸಿದ್ದಾನೆ. ವಿಜಯನಗರ ಕಾಲದ ಶಾಸನಗಳು ಬಸರೂರಿನ ಮೂಡಕೇರಿ, ಪಡುವಕೇರಿಗಳನ್ನೂ ಅಲ್ಲಿನ ಹಲರು, ಸೆಟ್ಟಿಕಾರರು ಮುಂತಾದ ಸಂಘಗಳನ್ನೂ ಹೆಸರಿಸುತ್ತವೆ. ಬಾರಕೂರಿನಲ್ಲಿ ಚೌಳಿಕೇರಿ, ಕೋಟೆಕೇರಿ, ಮಣಿಗಾರಕೇರಿ, ಮೂಡುಕೇರಿ ಎಂಬ ಹೆಸರುಗಳು ಇಂದಿಗೂ ಉಳಿದಿವೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. 1342ರ ಸುಮಾರಿಗೆ ಈ ತೀರದಲ್ಲಿ ಸಂಚರಿಸಿದ ಇಬ್ನ್ ಬತೂತ, ಪ್ರತಿಯೊಬ್ಬನಿಗೂ ತನ್ನದೇ ತೋಟ, ತೋಟದ ನಡುವೆ ಮನೆ, ಸುತ್ತಲೂ ಮರದ ಬೇಲಿ ಎಂದು ವರ್ಣಿಸಿದ್ದಾನೆ. ಇದು ಬೇಸಾಯಗಾರನ ಒಂಟಿಮನೆಯ ಚಿತ್ರ. ಕರಾವಳಿಯ ಹಳ್ಳಿಗಳಲ್ಲಿ ಈಗಲೂ ಕಾಣಸಿಗುವಂಥದು. ಕೇರಿಯ ಬದುಕು ಬೇರೆ. ಅಲ್ಲಿ ಮನೆಗಳು ಒತ್ತಾಗಿ ಬೀದಿಗೆ ಮುಖಮಾಡಿ ನಿಲ್ಲುತ್ತವೆ. ಜಗಲಿಯಲ್ಲಿ ಗಿರಾಕಿ, ಪಡಸಾಲೆಯಲ್ಲಿ ಲೆಕ್ಕ, ನಡುಮನೆಯಲ್ಲಿ ಸಂಸಾರ, ಅಟ್ಟದಲ್ಲಿ ದಾಸ್ತಾನು. ತೋಟದ ಮನೆ ನೆಲವನ್ನು ನಂಬಿದ್ದಿತು, ಕೇರಿಯ ಮನೆ ನೆರೆಯವನನ್ನು ನಂಬಿದ್ದಿತು. ಆದುದರಿಂದಲೇ ರಾಜಾಜ್ಞೆಯನ್ನು ಸ್ವೀಕರಿಸುವ, ದೇವಾಲಯದ ದತ್ತಿಯನ್ನು ನಿರ್ವಹಿಸುವ ಹೊಣೆ ಕೇರಿಯ ಹಲರಿಗೆ ಬಂದಿತು. ವಾಸಸ್ಥಾನವೇ ಇಲ್ಲಿ ವೃತ್ತಿಸಂಘವಾಗಿತ್ತೆಂದರೆ ತಪ್ಪಾಗದು. ಭಾಷೆಯೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಅಕ್ಕಸಾಲೆ ಎಂದರೆ ಚಿನ್ನ ಬೆಳ್ಳಿಯ ಕೆಲಸ ನಡೆಯುವ ಶಾಲೆ. ಅದೇ ಶಬ್ದ ಆ ಕೆಲಸ ಮಾಡುವವನಿಗೂ ಅವನ ಕುಲಕ್ಕೂ ಹೆಸರಾಯಿತು. ಇಳಕಲ್ಲು, ಗುಳೇದಗುಡ್ಡಗಳ ನೇಕಾರನ ಕುಣಿಮಗ್ಗ ಮನೆಯ ನೆಲವನ್ನೇ ಅಗೆದು ಹೂಡಿದುದಾದ್ದರಿಂದ, ಅಲ್ಲಿ ಮನೆಯನ್ನೂ ಮಗ್ಗವನ್ನೂ ಬೇರ್ಪಡಿಸುವುದೇ ಅಸಾಧ್ಯ.

ಬಸರೂರಿನಲ್ಲಿ ಕಂಡ ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ವಾಸಿಸುವ ಉಲ್ಹಾಸ ನದಿಯ ಮುಖಭಾಗವನ್ನು ನೋಡಿದರೆ ಹಳೆಯ ದಾಖಲೆಗಳಿಗೆ ಹೊಸ ಅರ್ಥ ಬರುತ್ತದೆ. ಕ್ರಿ. ಶ. ಮೊದಲನೆಯ ಶತಮಾನದ ಗ್ರೀಕ್ ನಾವಿಕಗ್ರಂಥ ‘ಪೆರಿಪ್ಲಸ್’ ಕಲ್ಯಾಣವನ್ನು ಹೆಸರಿಸಿ, ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರುಕಚ್ಛಕ್ಕೆ ಸಾಗಿಸುವ ಅಪಾಯವಿತ್ತೆಂದು ಎಚ್ಚರಿಸುತ್ತದೆ. ಆರನೆಯ ಶತಮಾನದ ಕಾಸ್ಮಾಸ್ ಇದನ್ನು ಲೋಹ ಮತ್ತು ಬಟ್ಟೆಗಳ ವ್ಯಾಪಾರಸ್ಥಳವೆಂದು ಗುರುತಿಸಿದ್ದಾನೆ. ಕಾನ್ಹೇರಿ ಗುಹೆಗಳ ದಾನಶಾಸನಗಳಲ್ಲಿ ಕಲ್ಯಾಣದ ವರ್ತಕರು, ಅಕ್ಕಸಾಲಿಗರು, ಕಮ್ಮಾರರು ತಮ್ಮ ಊರನ್ನೂ ವೃತ್ತಿಯನ್ನೂ ಜೊತೆಜೊತೆಯಾಗಿ ಹೇಳಿಕೊಂಡಿದ್ದಾರೆ. ಮರ ಮಣ್ಣುಗಳ ಅವರ ಮನೆಗಳು ಅಳಿದುವು. ಕಲ್ಲಿನಲ್ಲಿ ಕೊರೆಸಿದ ವೃತ್ತಿನಾಮಗಳು ಉಳಿದುವು. ಇದೇ ಕಾನ್ಹೇರಿಯಲ್ಲಿ ಶಕ 799ರ, ಎಂದರೆ ಕ್ರಿ. ಶ. 877ರ, ಶಾಸನವೊಂದು ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯನ್ನೂ ಅವನ ಅಧೀನದಲ್ಲಿ ಕೊಂಕಣವನ್ನಾಳಿದ ಶಿಲಾಹಾರ ಕಪರ್ದಿಯನ್ನೂ ಹೆಸರಿಸುತ್ತದೆ. ‘ಕವಿರಾಜಮಾರ್ಗ’ವು ಹುಟ್ಟಿದ ಆಸ್ಥಾನದ ಅಧಿಕಾರ ಈ ಖಾಡಿಯವರೆಗೂ ಚಾಚಿತ್ತೆಂಬುದನ್ನು ಇಲ್ಲಿ ನೆಲಸಿರುವ ಕನ್ನಡಿಗರು ಮರೆಯುವಂತಿಲ್ಲ.

ಆಮ್ಸ್ಟರ್ಡಾಮಿಗೂ ನಮ್ಮ ಖಾಡಿಗೂ ಮುಖ್ಯ ವ್ಯತ್ಯಾಸವೊಂದುಂಟು. ಅಲ್ಲಿನದು ತೋಡಿದ ಕಾಲುವೆ; ಅಡ್ಡಗದಗಳಿಂದ ನೀರಿನ ಮಟ್ಟವನ್ನು ಹದ್ದಿನಲ್ಲಿಡಬಹುದಾಗಿತ್ತು. ಇಲ್ಲಿನದು ಸಮುದ್ರದ ಉಬ್ಬರ ಇಳಿತಗಳಿಗೆ ಒಳಗಾದ ನೀರು. ಉಬ್ಬರದೊಡನೆ ದೋಣಿ ಒಳಗೆ ಬರಬೇಕು, ಇಳಿತದೊಡನೆ ಹೊರಡಬೇಕು. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಸರಿಯುತ್ತದೆ. ಒಂದು ವಾರ ನಡುಹಗಲಿಗೆ ಒದಗಿದ ಕೆಲಸ ಮತ್ತೊಂದು ವಾರ ಬೆಳಗಿನ ಜಾವಕ್ಕೆ ಒದಗುತ್ತದೆ. ಇಂಥ ವೃತ್ತಿಯವನು ದಂಡೆಯಿಂದ ದೂರ ವಾಸಿಸಲಾರ. ಠಾಣೆಯ ಚೆಂದಣಿ ಕೋಳಿವಾಡ, ಬೇಲಾಪುರದ ಬಳಿಯ ದಿವಾಳೆ ಮುಂತಾದ ಬೆಸ್ತರ ವಸತಿಗಳು ಹುಟ್ಟಿದ್ದು ಈ ನಿಯಮದಿಂದಲೇ. ಬಲೆ ಹೆಣೆಯುವುದು ಮನೆಯ ಓಟಿಯಲ್ಲಿ, ಮೀನು ಒಣಗಿಸುವುದು ಮುಂದಿನ ಅಂಗಳದಲ್ಲಿ, ಮಾರುವ ಕೆಲಸ ಮನೆಯ ಹೆಂಗಸರದು. ನೀರಂಚಿನ ದುಡಿಮೆಮನೆಯ ಜೀವಂತ ಪರಂಪರೆಯೆಂದು ಈ ಪ್ರದೇಶದಲ್ಲಿ ಕರೆಯಬಹುದಾದದ್ದು ಇದೇ.

ಈ ವ್ಯವಸ್ಥೆಯನ್ನು ಸಡಿಲಿಸಿದ್ದು ರೈಲು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಓಡಿತು. ಮರುವರ್ಷ ಖಾಡಿಯನ್ನು ದಾಟಿ ದಾರಿ ಕಲ್ಯಾಣವನ್ನು ಮುಟ್ಟಿತು. ಶತಮಾನಗಳಿಂದ ನೀರಿನತ್ತ ಮುಖಮಾಡಿದ್ದ ಊರುಗಳು ಕ್ರಮೇಣ ನಿಲ್ದಾಣದತ್ತ ಹೊರಳಿದುವು. ಉಬ್ಬರದ ವೇಳೆಗೆ ಬದಲಾಗಿ ಗಾಡಿಯ ವೇಳೆ ದಿನಚರಿಯನ್ನು ಆಳತೊಡಗಿತು. ಮುಂಬಯಿಯಲ್ಲಿ ದುಡಿದು ಡೊಂಬಿವಲಿಯಲ್ಲಿ ಮಲಗುವ ಬಾಳು ಇದರ ಪರಿಣಾಮವೇ. 1970ರಲ್ಲಿ ಸಿಡ್ಕೊ ಸಂಸ್ಥೆ ಸ್ಥಾಪಿತವಾಗಿ, ಸುಮಾರು 95 ಹಳ್ಳಿಗಳ ನೆಲದ ಮೇಲೆ ನವಿ ಮುಂಬಯಿಯ ಯೋಜನೆ ಹಬ್ಬಿದಾಗ ಪ್ರಶ್ನೆ ಇನ್ನಷ್ಟು ತೀವ್ರವಾಯಿತು. 1984ರ ಜನವರಿಯಲ್ಲಿ, ದಿ. ಬಾ. ಪಾಟೀಲರ ನಾಯಕತ್ವದ ಭೂಹೋರಾಟದಲ್ಲಿ, ಗುಂಡೇಟಿಗೆ ಐವರು ಬಲಿಯಾದರು. ತರುವಾಯ ನೆಲ ಕೊಟ್ಟವರಿಗೆ ಅಭಿವೃದ್ಧಿಗೊಂಡ ಭೂಮಿಯಲ್ಲಿ ಶೇಕಡಾ 12.5 ಭಾಗವನ್ನು ಹಿಂದಿರುಗಿಸುವ ಕ್ರಮ ಜಾರಿಗೆ ಬಂದಿತು. ನೆಲವನ್ನು ಚದರಡಿಯಿಂದ ಅಳೆಯಬಹುದು. ಬಲೆ ಹೆಣೆವ ಓಟಿ, ಮೀನು ಒಣಗುವ ಅಂಗಳ, ದೋಣಿ ತಂಗುವ ದಂಡೆ ಇವು ಕೂಡಿ ಕೊಡುತ್ತಿದ್ದ ಜೀವನೋಪಾಯವನ್ನು ಅಳೆಯುವ ಕೋಲು ಯಾವ ಪರಿಹಾರಪದ್ಧತಿಯಲ್ಲಿಯೂ ಇಲ್ಲ. ಬೇಲಾಪುರದಲ್ಲಿ 1983ರಿಂದ 1986ರ ಅವಧಿಯಲ್ಲಿ ಚಾರ್ಲ್ಸ್ ಕೊರಿಯಾ ನಿರ್ಮಿಸಿದ, ಕಲಾವಿದರ ಗ್ರಾಮವೆಂದು ಹೆಸರಾದ ವಸತಿಯಲ್ಲಿ, ಅಂಗಳದ ಸುತ್ತ ಮನೆಗಳನ್ನು ಗುಂಪುಗೂಡಿಸಿ, ನಿವಾಸಿಗಳೇ ಅವನ್ನು ಅಗತ್ಯದಂತೆ ಬೆಳೆಸಿಕೊಳ್ಳಲು ಅವಕಾಶವಿತ್ತ ಪ್ರಯೋಗ ನಡೆಯಿತು. ಹಳೆಯ ಮನೆಯ ಗುಣವನ್ನು ಹೊಸ ನಗರ ಒಮ್ಮೆಯಾದರೂ ನೆನೆಯಿತೆಂಬುದಕ್ಕೆ ಇದು ಸಾಕ್ಷಿ.

ಆದರೆ ಗತಕಾಲದ ಮನೆಯನ್ನು ಸ್ವರ್ಗವೆಂದು ಬಣ್ಣಿಸುವುದು ಇತಿಹಾಸಕಾರನ ಧರ್ಮವಲ್ಲ. ದುಡಿಮೆಯೂ ವಾಸವೂ ಒಂದೆಡೆ ಇದ್ದಲ್ಲಿ ಹೆಂಗಸರ ಶ್ರಮಕ್ಕೆ ಲೆಕ್ಕವಿರಲಿಲ್ಲ, ಆಳಿನ ಕೆಲಸಕ್ಕೆ ಹೊತ್ತಿನ ಮಿತಿಯಿರಲಿಲ್ಲ. ಇದನ್ನು ಮುಂಬಯಿ ಕನ್ನಡಿಗರಿಗೆ ಯಾರೂ ಬೋಧಿಸಬೇಕಾಗಿಲ್ಲ. ಹಗಲು ಉಡುಪಿ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡದ ರಾತ್ರಿಶಾಲೆಯಲ್ಲಿ ಓದಿ, ಮತ್ತೆ ಅದೇ ಹೋಟೆಲಿನ ಮೇಜುಗಳ ನಡುವೆ ಚಾಪೆ ಹಾಸಿದ ತಲೆಮಾರೊಂದು ನಮ್ಮಲ್ಲಿದೆ. ಅವರ ಪಾಲಿಗೆ ಕೆಲಸದ ಸೂರೇ ಮನೆಯಾದದ್ದು ಆಸರೆಯೂ ಹೌದು, ಬಂಧನವೂ ಹೌದು.

ಆಮ್ಸ್ಟರ್ಡಾಮಿನ ಮನೆಗಳು ಉಳಿದುವು, ಅವುಗಳೊಡನೆ ದಾಖಲೆಗಳೂ ಉಳಿದುವು. ಕಲ್ಯಾಣದ ಹಳೆಯ ವಾಡೆಗಳೂ ಕೋಳಿವಾಡಗಳ ಮನೆಗಳೂ ಪುನರ್ನಿರ್ಮಾಣದ ಒತ್ತಡಕ್ಕೆ ಸಿಕ್ಕಿರುವ ಈ ಹೊತ್ತಿನಲ್ಲಿ ಅವುಗಳ ಅಳತೆಯ ನಕ್ಷೆ ತೆಗೆಯುವುದು, ಕ್ರಯಪತ್ರ ಲೆಕ್ಕಪುಸ್ತಕಗಳನ್ನು ನಕಲಿಸುವುದು, ಓಟಿ, ಮಾಜಘರ, ಮಾಳಾ ಎಂಬ ಮನೆಯ ಅಂಗಗಳ ಹೆಸರುಗಳನ್ನೂ ದೋಣಿಯವರ ಪರಿಭಾಷೆಯನ್ನೂ ಹಿರಿಯರ ಬಾಯಿಂದ ಸಂಗ್ರಹಿಸುವುದು ತುರ್ತು ಕಾರ್ಯ. ಬಸರೂರಿನ ಕೇರಿಯನ್ನೂ ಕಲ್ಯಾಣದ ಬಂದರನ್ನೂ ಒಟ್ಟಿಗೆ ಓದಬಲ್ಲವರು, ಕನ್ನಡ ಮರಾಠಿಗಳೆರಡನ್ನೂ ಬಲ್ಲವರು, ನಮ್ಮ ಸಂಘಗಳಲ್ಲಿ ಸಾಕಷ್ಟು ಮಂದಿ ಇದ್ದಾರೆ. ಈ ನೆಲದ ಅನ್ನ ಉಂಡವರಿಗೆ ಅದರ ಮನೆಗಳ ಚರಿತ್ರೆಯನ್ನು ಬರೆದಿಡುವ ಋಣವೂ ಇದೆ. ಆ ಕೆಲಸ ಒಂದು ಓಣಿಯಿಂದ, ಒಂದು ಮನೆಯಿಂದ ಆರಂಭವಾದರೂ ಸಾಕು.